ಕೋಟೆಯ ಕೆಳಗಿನ ಕಲ್ಲುತೋಟ

ಜೋಧಪುರ ಎಂದೊಡನೆ ನಿಮಗೆ ನೆನಪಾಗುವುದು ನೀಲಿ ಬಣ್ಣದ ಮನೆಗಳು, ಬಾಂಧನಿ ಸೀರೆ, ಬೆಟ್ಟದ ಮೇಲಿನ ಮೆಹ್ರಾನ್‌ಗಢ ಕೋಟೆ, ಅಲ್ಲವೆ? ಕೋಟೆ ನೋಡಿದವರು ಸಾಮಾನ್ಯವಾಗಿ ನೇರ ಬಜಾರಿಗೆ ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಕೋಟೆಯ ಬುಡದಲ್ಲೇ ಸುಮಾರು 70 ಹೆಕ್ಟೇರ್ ಕಲ್ಲುನೆಲವಿದೆ. ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಅಂತ ಅದರ ಹೆಸರು.

ಉದ್ಯಾನ ಅಂದರೆ ಗುಲಾಬಿ, ಹುಲ್ಲುಹಾಸು ಎಂದುಕೊಂಡು ಹೋದೀರಿ ಮತ್ತೆ! ಇಲ್ಲಿ ಬೆಳೆಸಿರುವುದು ಮರುಭೂಮಿಯ ಸ್ವಂತ ಗಿಡಗಳನ್ನು.

ನಮ್ಮ ಬಯಲುಸೀಮೆಯ ಕೆರೆಯಂಗಳಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ನೀವು ಬಲ್ಲಿರಿ. ಅದೇ ಪರದೇಶಿ ಮುಳ್ಳು ಇಲ್ಲಿಯೂ ತುಂಬಿಕೊಂಡಿತ್ತು. 1930ರ ದಶಕದಲ್ಲಿ, ಬರಡು ನೆಲ ಹಸಿರಾಗಲಿ ಎಂದು ಮಹಾರಾಜ ಉಮೇದ್ ಸಿಂಗ್ ವಿಮಾನದಿಂದ ಅದರ ಬೀಜ ಚೆಲ್ಲಿಸಿದರಂತೆ. ಹಸಿರೇನೋ ಆಯಿತು. ಆದರೆ ಊರಿನ ಗಿಡಗಳಿಗೆ ಜಾಗವೇ ಉಳಿಯಲಿಲ್ಲ. ಅಲ್ಲಿಯ ಜನ ಅದಕ್ಕಿಟ್ಟ ಹೆಸರು 'ಬಾವಳಿಯಾ', ಅಂದರೆ ಹುಚ್ಚು ಹಿಡಿದದ್ದು!

ಕೋಟೆಯನ್ನು ನೋಡಿಕೊಳ್ಳುವ ಮೆಹ್ರಾನ್‌ಗಢ ಮ್ಯೂಸಿಯಂ ಟ್ರಸ್ಟ್ 2006ರಲ್ಲಿ ಈ ನೆಲವನ್ನು ಮೊದಲಿನಂತೆ ಮಾಡಲು ಹೊರಟಿತು. ಸಿನಿಮಾ ನಿರ್ದೇಶನ ಬಿಟ್ಟು ಮರಗಳ ಬೆನ್ನು ಹತ್ತಿದ ಪ್ರದೀಪ್ ಕೃಷೆನ್ ಹೊಣೆ ಹೊತ್ತರು. ಜಾಲಿಯನ್ನು ಕಡಿದರೆ ಮತ್ತೆ ಚಿಗುರುತ್ತದೆ. ಬೇರೋ, ಕಲ್ಲಿನ ಬಿರುಕಿನೊಳಗೆ ಭದ್ರ. ಸಿಡಿಮದ್ದು ಇಡೋಣವೆಂದರೆ ಮೇಲೆಯೇ ಕೋಟೆ! ಆಗ ಕೈಹಿಡಿದವರು ಖಂಡವಾಲಿಯಾ ಎಂಬ ಕಲ್ಲುಗಣಿ ಕೆಲಸಗಾರರು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಬಿರುಕು ಎತ್ತ ಸಾಗಿದೆಯೆಂದು ಹೇಳಬಲ್ಲವರು ಅವರು. ಉಳಿ ಹಿಡಿದು ಒಂದೊಂದೇ ಬೇರನ್ನು ಕಿತ್ತರು. ಬೇರು ಹೋದ ಗುಳಿಯಲ್ಲೇ ಊರಿನ ಗಿಡ ನೆಟ್ಟರು. 2011ರಲ್ಲಿ ಉದ್ಯಾನ ಜನರಿಗೆ ತೆರೆಯಿತು.

ಈ ಗಿಡಗಳೇನು ಬರೀ ನೋಟಕ್ಕಲ್ಲ. ಕೇರ್ ಕಾಯಿ, ಕುಮಟಿಯಾ ಬೀಜ ಇಲ್ಲದೆ ಮಾರವಾಡದ ಪಂಚಕೂಟ ಪಲ್ಯವೇ ಇಲ್ಲ. ನಾವು ಬೇಸಿಗೆಯಲ್ಲಿ ಬಾಳಕ ಮಾಡಿಟ್ಟುಕೊಳ್ಳುವ ಹಾಗೆ ಅಲ್ಲಿಯ ಹೆಂಗಸರು ಇವನ್ನು ಒಣಗಿಸಿ ಡಬ್ಬಿಯಲ್ಲಿಡುತ್ತಾರೆ. ಹಸಿ ತರಕಾರಿ ಸಿಗದ ದಿನಗಳಲ್ಲಿ ಮನೆ ನಡೆಸಿದ ಅಡುಗೆ ಇದು.

ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋದರೆ, ಮಳೆ ಬಿದ್ದಾಗ ಬೋಳು ಥೋರ್ ಕಳ್ಳಿಯೂ ಎಲೆ ತಳೆಯುವುದನ್ನು ಕಾಣಬಹುದು. ಬಿಸಿಲು ತಡೆಯದವರಿಗೆ ಚಳಿಗಾಲವೇ ಮೇಲು. ಕಲ್ಲುದಾರಿ, ಗಟ್ಟಿ ಚಪ್ಪಲಿಯಿರಲಿ, ಜೊತೆಗೆ ನೀರು.

ಹಸಿರಾಗಿರುವುದೆಲ್ಲ ಒಳ್ಳೆಯದಲ್ಲ, ಒಣಗಿದಂತೆ ಕಾಣುವುದೆಲ್ಲ ಬರಡೂ ಅಲ್ಲ. ನಿಮ್ಮೂರ ಬೀಳಿನಲ್ಲಿ ಜಾಲಿಗಿಂತ ಮುಂಚೆ ಏನು ಬೆಳೆಯುತ್ತಿತ್ತು? ಮನೆಯ ಹಿರಿಯರನ್ನು ಇವತ್ತೇ ಒಮ್ಮೆ ಕೇಳಿ ನೋಡಿ.