ಕ್ಲಚ್ಚು ಸವೆದದ್ದು ಯಾರ ಕಾಲಿಂದ?

22,000 ಕಿಲೋಮೀಟರಿಗೇ ನನ್ನ ಸ್ಪೋರ್ಟ್ಸ್ ಕಾರಿನ ಕ್ಲಚ್ಚು ಕೈಕೊಟ್ಟಿತು. ಐದನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಜಿಗಿಯುತ್ತದೆ, ವೇಗ ಮಾತ್ರ ಅಲ್ಲೇ ಇರುತ್ತದೆ. ಕ್ಲಚ್ಚು ಜಾರುತ್ತಿದೆ ಅನ್ನೋದಕ್ಕೆ ಇಷ್ಟು ಸಾಕು.

ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡುವ ಮೊದಲೇ ತೀರ್ಪು ಕೊಟ್ಟರು: "ಬೆಂಗಳೂರು ಟ್ರಾಫಿಕ್ಕು ಸರ್. ಹಾಫ್ ಕ್ಲಚ್ಚಲ್ಲಿ ಓಡಿಸ್ತೀರಿ. ವಾರಂಟಿಗೆ ಬರಲ್ಲ."

ಮಾತು ಪೂರ್ತಿ ಸುಳ್ಳೇನಲ್ಲ. ಸಿಲ್ಕ್ ಬೋರ್ಡಲ್ಲಿ ಪೆಡಲ್ ಅರ್ಧ ಒತ್ತಿಕೊಂಡೇ ಇಂಚಿಂಚು ಸರಿದರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಫ್ಲೈವೀಲಿನ ಮೇಲೆ ನೀಲಿ ಕಲೆ ಬೀಳುತ್ತದೆ, ಬಿರುಕೂ ಬಿಡಬಹುದು. ನನ್ನ ಕಾರಿನದು ಡ್ಯುಯಲ್ ಮಾಸ್ ಫ್ಲೈವೀಲ್: ಎರಡು ಭಾರದ ಚಕ್ರಗಳು, ನಡುವೆ ಸ್ಪ್ರಿಂಗು. ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ದಾಟದಂತೆ ತಡೆಯುತ್ತದೆ. ಆದರೆ ಹಳೇ ಕಾಲದ ಫ್ಲೈವೀಲಿನ ಹಾಗೆ ಲೇತಿಗೆ ಕೊಟ್ಟು ಮಟ್ಟ ಮಾಡಿಸೋದು ಸಾಮಾನ್ಯವಾಗಿ ಆಗಲ್ಲ. ಹೊಸದೇ ಬೇಕು, ಅದರ ಬೆಲೆಯೋ ಕೇಳಬೇಡಿ.

ನಾನು ಕೇಳಿದ್ದು ಒಂದೇ: "ಬಿಚ್ಚಿದ ಪಾರ್ಟ್ಸ್ ನನಗೆ ತೋರಿಸಿ."

ನೀಲಿ ಕಲೆ ಇತ್ತು, ಸರಿ. ಆದರೆ ಪ್ಲೇಟು ಎಣ್ಣೆಯಲ್ಲಿ ನೆಂದಿತ್ತು. ಎಣ್ಣೆ ನನ್ನ ಕಾಲಿಂದ ಬರಲ್ಲವಲ್ಲ! ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿತ್ತು. ಎಣ್ಣೆ ಕುಡಿದ ಪ್ಲೇಟು ಹಿಡಿಯಲ್ಲ, ಜಾರುತ್ತೆ, ಜಾರಿದಷ್ಟೂ ಬಿಸಿಯಾಗುತ್ತೆ. ಸೀಲಿಗೆ ವಾರಂಟಿ ಇತ್ತು. ಫೋಟೊ ತೆಗೆದೆ, ಜಾಬ್ ಕಾರ್ಡಲ್ಲಿ ಬರೆಸಿದೆ. ಹದಿನೈದು ದಿನದ ಹಗ್ಗಜಗ್ಗಾಟದ ಮೇಲೆ ಕ್ಲಚ್ಚು, ಫ್ಲೈವೀಲು ಎರಡೂ ಅವರ ಖರ್ಚಲ್ಲೇ ಬಂದವು.

ಹಳೇ ಪಾರ್ಟ್ಸ್ ಗುಜರಿಗೆ ಹೋಗೋ ಮುಂಚೆ ಒಮ್ಮೆ ಕಣ್ಣಾರೆ ನೋಡಿ. ತಪ್ಪು ಕಾಲಿನದೋ ಕಾರಿನದೋ, ಸಾಕ್ಷಿ ಅದರ ಮೇಲೇ ಇರುತ್ತೆ.