ಗುಂಡನ ಉಚ್ಚೆಗಾಗಿ ಕಾದ ಮೂರು ದಿನ

ಬೆಕ್ಕು ಸಾಕಿದವರಿಗೆ ತಪ್ಪದ ಕೆಲಸ ಒಂದಿದೆ: ಲಿಟರ್ ಟ್ರೇ ಕ್ಲೀನ್ ಮಾಡೋದು. ಮೂಗು ಮುಚ್ಚಿಕೊಂಡು ಮಾಡುವ ಈ ಕೆಲಸವೇ ನಮ್ಮ ಗುಂಡನ ಜೀವ ಉಳಿಸಿತು.

ಗುಂಡನಿಗೆ 5 ವರ್ಷ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಮರಿಯಾಗಿ ಸಿಕ್ಕವನು. ಒಂದು ಶನಿವಾರ ರಾತ್ರಿ ಊಟ ಮುಗಿಸಿ ಟ್ರೇ ನೋಡಿದರೆ ಮರಳು ಒಣಗಿದಂತೆಯೇ ಇದೆ, ಒಂದು ಒದ್ದೆ ಉಂಡೆಯೂ ಇಲ್ಲ. ಇವನು ಮಾತ್ರ ಐದೈದು ನಿಮಿಷಕ್ಕೆ ಹೋಗಿ ಕೂರುತ್ತಾನೆ, ತಿಣುಕುತ್ತಾನೆ, ಎದ್ದು ಬಂದು ಕೆಳಗೆ ನೆಕ್ಕಿಕೊಳ್ಳುತ್ತಾನೆ. ಕೊನೆಗೆ ಬಾತ್‌ರೂಮಿನ ನೆಲದ ಮೇಲೆ ಕೂತು ಕೂಗಿದ. ಐದು ವರ್ಷದಲ್ಲಿ ಅವನ ಆ ದನಿ ನಾನು ಕೇಳಿರಲಿಲ್ಲ.

ಊರಿಂದ ಅಮ್ಮ ಫೋನಿನಲ್ಲಿ, "ಮಲಬದ್ಧತೆ ಇರ್ಬೇಕು ಕಣೇ. ಸ್ವಲ್ಪ ಹರಳೆಣ್ಣೆ ಕುಡ್ಸು, ಬೆಳಗ್ಗೆ ನೋಡೋಣ" ಅಂದರು. ಹೆಚ್ಚಿನವರಿಗೆ ಮೊದಲು ಹೊಳೆಯುವುದು ಅದೇ. ನನಗೆ ಆ ಒಣ ಮರಳು ಮಾತ್ರ ಕಣ್ಣಿಂದ ಹೋಗಲಿಲ್ಲ. ಗುಂಡನನ್ನು ಬುಟ್ಟಿಗೆ ಹಾಕಿಕೊಂಡು, ರಾತ್ರಿ ತೆರೆದಿರುವ ಕ್ಲಿನಿಕ್ ಹುಡುಕಿ ಹೊರಟೆವು.

ಡಾಕ್ಟರ್ ಹೊಟ್ಟೆ ಮುಟ್ಟಿದ ತಕ್ಷಣ ಹೇಳಿದರು: "ಮೂತ್ರಕೋಶ ಕಲ್ಲಿನ ಹಾಗಾಗಿದೆ. ಉಚ್ಚೆ ಕಟ್ಟಿದೆ."

ಗಂಡು ಬೆಕ್ಕಿನ ಮೂತ್ರನಾಳ ಹೆಣ್ಣು ಬೆಕ್ಕಿನದಕ್ಕಿಂತ ಉದ್ದ, ತುಂಬಾ ಸಣ್ಣ. ಮೂತ್ರದಲ್ಲಿ ಹರಳಿನ ಪುಡಿ, ಲೋಳೆ ಸೇರಿ ಬಿರಡೆಯಂತೆ ಕೂತರೆ ದಾರಿ ಬಂದ್. ಮೂತ್ರ ಹೊರಹೋಗದಿದ್ದರೆ ಕಿಡ್ನಿಗೆ ಪೆಟ್ಟು; ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. "ಸೋಮವಾರ ನೋಡೋಣ" ಅನ್ನುವ ಕಾಯಿಲೆ ಇದಲ್ಲ.

ರಕ್ತಪರೀಕ್ಷೆ, ಡ್ರಿಪ್, ಅರಿವಳಿಕೆ ಕೊಟ್ಟು ಕ್ಯಾಥೆಟರ್. ಅಂದಾಜು ಖರ್ಚಿನ ಚೀಟಿ ಕೈಗೆ ಬಂದಾಗ ಗಂಡನ ಮುಖ ನೋಡಿದೆ. ಮೊತ್ತ ನಮ್ಮ ತಿಂಗಳ ಬಾಡಿಗೆಗಿಂತ ಜಾಸ್ತಿ. "ದಾರೀಲಿ ಸಿಕ್ಕ ಬೆಕ್ಕಿಗೆ ಇಷ್ಟಾ?" ಅಂತ ಆಮೇಲೆ ಕೇಳಿದವರಿದ್ದಾರೆ. ಅವರಿಗೆ ನನ್ನ ಹತ್ತಿರ ಲೆಕ್ಕದ ಉತ್ತರವಿಲ್ಲ. ದಾರಿಯಲ್ಲಿ ಸಿಕ್ಕವನು ನಮ್ಮನ್ನು ನಂಬಿ ಮನೆಯೊಳಗೆ ಬಂದಿದ್ದ, ಅಷ್ಟೇ. ಗಂಡ ಮಾತಾಡದೆ ಸಹಿ ಹಾಕಿದರು.

ಮೂರನೇ ದಿನ ಕ್ಯಾಥೆಟರ್ ತೆಗೆದರು. ತಾನಾಗಿಯೇ ಹೊಯ್ದರಷ್ಟೇ ಡಿಸ್ಚಾರ್ಜ್. ಆಫೀಸಿನ ಮೀಟಿಂಗ್ ಮಧ್ಯೆ ಫೋನ್ ಬಂತು: "ಮೇಡಂ, ಗುಂಡ ಉಚ್ಚೆ ಮಾಡ್ದ!" ನನಗೆ ಪ್ರಮೋಷನ್ ಸಿಕ್ಕಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಇದು ಮತ್ತೆ ಬರುವ ಕಾಯಿಲೆ, ಅದರಲ್ಲೂ ಮೊದಲ ಕೆಲವು ವಾರ ಎಚ್ಚರ ಬೇಕು ಅಂದಿದ್ದಾರೆ. ಪದೇಪದೇ ಬಂದರೆ ಮೂತ್ರದ್ವಾರ ಅಗಲ ಮಾಡುವ ಶಸ್ತ್ರಚಿಕಿತ್ಸೆ ಇದೆ. ಸದ್ಯಕ್ಕೆ ಡಾಕ್ಟರ್ ಬರೆದುಕೊಟ್ಟ ಆಹಾರ, ಒಣ ಕಾಳಿನ ಬದಲು ಹೆಚ್ಚಾಗಿ ಒದ್ದೆ ಊಟ, ಮೂರು ಕಡೆ ನೀರಿನ ಬಟ್ಟಲು, ಎರಡು ಟ್ರೇ. ಗಾಬರಿ, ಜಾಗ ಬದಲಾವಣೆ ಕೂಡ ಇದಕ್ಕೆ ಕಾರಣವಾಗಬಹುದಂತೆ. ಹಾಗಾಗಿ ಮನೆಗೆ ನೆಂಟರು ಬಂದರೆ ಗುಂಡನಿಗೆ ಒಂದು ಕೋಣೆ ಮೀಸಲು.

ನಿಮ್ಮ ಬೆಕ್ಕೂ ಹೀಗೆ ತಿಣುಕಿದರೆ, ಬರೀ ಹನಿ ಬಂದರೆ, ವಾಂತಿ ಮಾಡಿಕೊಂಡು ಮಂಕಾದರೆ, ಹೊಟ್ಟೆ ಒತ್ತಲು ಹೋಗಬೇಡಿ, ಮೂತ್ರಕೋಶ ಒಡೆಯಬಹುದು. ನಮ್ಮ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನೇರ ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಏರಿಯಾದಲ್ಲಿ ರಾತ್ರಿ ನೋಡುವ ಪಶುವೈದ್ಯರು ಯಾರು ಅಂತ ಇವತ್ತೇ ವಿಚಾರಿಸಿ, ನಂಬರ್ ಸೇವ್ ಮಾಡಿಕೊಳ್ಳಿ. ಮೊಬೈಲ್ ಹೇಗೂ ಕೈಯಲ್ಲೇ ಇದೆಯಲ್ಲ.