ಕೊನೆಯ ದಾರಿಯನ್ನು ತೋರುವವರು

ಮಗುವಿನ ಲಿಂಗಧಾರಣೆಗೆ ಮನೆಗೆ ಬರುವ ಮಠಪತಿಗಳೇ ಆ ಮನೆಯ ಹಿರಿಯರು ಲಿಂಗೈಕ್ಯರಾದಾಗಲೂ ಬಂದು ಮುಂದೆ ನಿಲ್ಲುವುದು ನಮ್ಮ ಹಳ್ಳಿಗಳ ರೂಢಿ. ಶರೀರವನ್ನು ಮೀಯಿಸಿ ವಿಭೂತಿ ಧರಿಸುವುದು, ಕುಳಿತ ಭಂಗಿಯಲ್ಲಿ ವಿಮಾನದಲ್ಲಿ ಇರಿಸುವುದು, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಬಿಲ್ವಪತ್ರೆಯೊಡನೆ ಸಮಾಧಿ ಮಾಡುವುದು, ಇವೆಲ್ಲವನ್ನೂ ಅವರು ಬಾಲ್ಯದಿಂದ ತಂದೆಯ ಹಿಂದೆ ನಡೆದೇ ಕಲಿತಿರುತ್ತಾರೆ. ಆದರೆ ಅವರ ನಿಜವಾದ ಬಲವಿರುವುದು ವಿಧಿಜ್ಞಾನದಲ್ಲಿ ಮಾತ್ರವಲ್ಲ, ಒಡನಾಟದಲ್ಲಿ. ಯಾವ ಮನೆಯಲ್ಲಿ ಹಣವಿಲ್ಲ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದನ್ನು ಅವರು ಬಲ್ಲರು. ಆದ್ದರಿಂದಲೇ "ಇಷ್ಟು ಸಾಕು, ಸಾಲ ಬೇಡ" ಎನ್ನುವ ಅಧಿಕಾರ ಅವರಿಗುಂಟು. ಶರಣರು ಪ್ರೇತಸೂತಕವನ್ನು ಒಪ್ಪಲಿಲ್ಲವೆಂದು ನೆನಪಿಸಿ, ದೂರ ನಿಂತ ನೆರೆಯವರನ್ನು ಒಳಗೆ ಕರೆಯುವವರೂ ಅವರೇ.

ನಗರಗಳಲ್ಲಿ ಈ ಹೊಣೆ ಹಣ ಪಡೆದು ಏರ್ಪಾಟು ಮಾಡುವವರ ಕೈಸೇರುತ್ತಿದೆ. ಅವರಲ್ಲಿಯೂ ಸಜ್ಜನರಿದ್ದಾರೆ. ಆದರೆ ಶವದ ಮುಂದೆ ಕುಳಿತು ಬೆಲೆ ಕೇಳುವ ಧೈರ್ಯ ಯಾರಿಗಿದೆ? ಸಲಹೆ ಕೊಡುವವರು ಯಾರು, ಎಲ್ಲಿ ಕಲಿತವರು, ಯಾರ ಸುಖದುಃಖಗಳಿಗೆ ಆದವರು ಎಂಬುದನ್ನು ಬದುಕಿರುವಾಗಲೇ ವಿಚಾರಿಸಿಡುವುದು ಲೇಸು. ಅವರು ಲೋಕವ್ಯವಹಾರವನ್ನೂ ಅರಿತಿರಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯ ಮೇರೆಗೆ ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ನೇತ್ರದಾನವಾದರೆ ಸುಮಾರು 6 ಗಂಟೆಗಳೊಳಗೆ ನಡೆಯಬೇಕು.

ಅರವತ್ತು ದಾಟಿದ ನಾವು ನಮ್ಮ ಇಚ್ಛೆಯನ್ನು ಮನೆಯವರಿಗೆ ಬರೆದುಕೊಟ್ಟಿದ್ದೇವೆ: ನೇತ್ರದಾನ, ಸರಳ ಸಮಾಧಿ, ಮೊದಲ ಕರೆ ಓಣಿಯ ಮಠಪತಿಗಳಿಗೆ. ಓದಿದ ಮಕ್ಕಳು ಮೊದಲು ಅಳುಕಿದರು, ಆಮೇಲೆ ನಿರಾಳರಾದರು. ಭಕ್ತ ಬಂಧುಗಳೂ ಈ ಮಾತನ್ನು ಪ್ರಸಾದದ ವೇಳೆಯಲ್ಲಿ, ಎಲ್ಲರೂ ಕೂಡಿದಾಗ ಆಡಲಿ. ಅದು ಅಮಂಗಳವಲ್ಲ, ಉಳಿಯುವವರ ಮೇಲಿನ ಕರುಣೆ.